ಐದು ಹುಣ್ಣೋ, ಆರೋ?



1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆ ಇದು. ಇಲ್ಲಿ ಕರುಳು ಎಂದರೆ ಮಮತೆ ಎಂದೇ ಕೇಳಿ ನಿಮಗೆ ರೂಢಿ. ನನ್ನದು ನಿಜದ ಕರುಳು. ಅದರಲ್ಲೂ ಸಣ್ಣ ಕರುಳಿನ ತುದಿ.

1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಮತ್ತು ಜೊತೆಗಾರರು ವಿವರಿಸಿದ ಬೇನೆಯಲ್ಲಿ ಈ ತುದಿ ಹುಣ್ಣಾಗಿ, ದಪ್ಪಗಾಗಿ, ಕಿರಿದಾಗುತ್ತದೆ. ನಮ್ಮ ಕಡೆ ಕ್ಷಯವೂ ಇದೇ ವೇಷ ಹಾಕುತ್ತದೆ. ಆರು ತಿಂಗಳು ಟಿಬಿ ಗುಳಿಗೆ ನುಂಗಿದ ಮೇಲೆ ಕ್ರೋನ್ಸ್ ಎಂದು ಗೊತ್ತಾದವರೂ ಉಂಟು. ಕೊನೆಗೆ ಕೆಟ್ಟ ಭಾಗ ಕತ್ತರಿಸಿ, ಉಳಿದದ್ದನ್ನು ದೊಡ್ಡ ಕರುಳಿಗೆ ಜೋಡಿಸುತ್ತಾರೆ.

ಜೋಡಿಸಿದಲ್ಲಿಗೆ ಮುಗಿಯಿತೇ? ಇಲ್ಲ. ಬೆಲ್ಜಿಯಂನ ಲೂವೆನ್‌ನಲ್ಲಿ ರುಟ್‌ಗೇರ್ಟ್ಸ್ ಅವರ ತಂಡ ದುರ್ಬೀನು ಇಳಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯಾದ ಒಂದೇ ವರ್ಷದೊಳಗೆ ಶೇ. 73 ಮಂದಿಯಲ್ಲಿ ಹುಣ್ಣು ಮರಳಿತ್ತು. ತೊಂದರೆ ಅನುಭವಿಸುತ್ತಿದ್ದವರು ಮಾತ್ರ ಶೇ. 20. ಹೊಟ್ಟೆ ಸುಮ್ಮನಿದ್ದರೂ ಕರುಳು ಸುಮ್ಮನಿರುವುದಿಲ್ಲ. ಅದಕ್ಕೇ ಅವರು 1990ರಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕಟ್ಟಿದರು. ಐದರವರೆಗೆ ಸಣ್ಣ ಹುಣ್ಣು ಕಂಡರೆ ಅಂಕ 1. ಐದನ್ನು ಮೀರಿದರೆ ಅಥವಾ ಜೋಡಣೆಯ ಗೆರೆಯಲ್ಲೇ ಹುಣ್ಣಿದ್ದರೆ 2. ಸಾಮಾನ್ಯವಾಗಿ 2 ಬಂತೆಂದರೆ ಔಷಧ ಏರುತ್ತದೆ.

ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕೂತು ಒಬ್ಬ ರೋಗಿಯ ಕರುಳಿನ ಒಂದೇ ವಿಡಿಯೋ ನೋಡಿದೆ. ಪರದೆಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ. ನೀರು ಬಿಟ್ಟರೂ ಅರ್ಧ ಉಳಿಯಿತು. ಅವರು ಹುಣ್ಣೆಂದರು, ನಾನು ಲೋಳೆಯೆಂದೆ. ಅವರ ಲೆಕ್ಕ ಆರು, ನನ್ನದು ಐದು. ಹೊರಗೆ ಕೂತಿದ್ದ ತಾಯಿಗೆ ಮಗನ ಅಂಕ ಹೇಳಬೇಕಿತ್ತು. "ಬ್ಯಾನಿ ತಿರುಗಿ ಬಂತೇನ್ರಿ ಸರ?" ಎಂದು ಕೇಳಿದರು. ತಕ್ಷಣ ಉತ್ತರ ಕೊಡಲಾಗಲಿಲ್ಲ.

ಈ ಗೊಂದಲ ನಮ್ಮಿಬ್ಬರದಷ್ಟೇ ಅಲ್ಲ. 2016ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಪಳಗಿದ ವೈದ್ಯರೆಲ್ಲ ಒಂದೇ ವಿಡಿಯೋಗಳಿಗೆ ಅಂಕ ಕೊಟ್ಟಾಗ ಅವರ ಸಹಮತದ ಅಳತೆಯಾದ 'ಕಪ್ಪಾ' 0.43 ಬಂತು. ಕಣ್ಣುಮುಚ್ಚಿ ಹೇಳಿದರೂ ಒಮ್ಮೊಮ್ಮೆ ಉತ್ತರ ಹೊಂದುತ್ತದಲ್ಲ, ಆ ಪಾಲನ್ನು ಕಳೆದು ಉಳಿಯುವ ಒಪ್ಪಿಗೆಯೇ ಕಪ್ಪಾ. ಪೂರ್ತಿ ಒಪ್ಪಿದರೆ 1. ಅಂದರೆ 0.43 ಮಧ್ಯಮ.

ಜಗಳದ ಮನೆ ಅಂಕ 2. ಜೋಡಣೆಯ ಗೆರೆಯ ಹುಣ್ಣು ರಕ್ತ ಕಡಿಮೆಯಾಗಿಯೋ, ಹೊಲಿಗೆಯ ಪಿನ್ನಿಂದಲೋ ಆಗಿರಬಹುದು. ಹೀಗಾಗಿ ಆಮೇಲಿನವರು ಅದನ್ನು 2ಎ, ಗೆರೆಯಾಚೆ ಸಣ್ಣ ಕರುಳಿನಲ್ಲಿದ್ದದ್ದನ್ನು 2ಬಿ ಎಂದು ಒಡೆದರು. ಒಡೆದದ್ದು ಸರಿ, ಆದರೆ ಗೆರೆ ಎಲ್ಲಿ ಮುಗಿಯಿತೆಂಬ ಹೊಸ ಜಗಳವೂ ಅಲ್ಲೇ ಹುಟ್ಟಿತು.

ಹೆಚ್ಚು ಅಂಕ ಕೊಟ್ಟರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ದುಬಾರಿ ಇಂಜೆಕ್ಷನ್ನು, ಅದರಿಂದ ಮಲಗಿದ್ದ ಕ್ಷಯ ಏಳುವ ಭಯ. ಕಡಿಮೆ ಕೊಟ್ಟರೆ ಇನ್ನೊಂದು ಆಪರೇಷನ್ನು, ಇನ್ನಷ್ಟು ಗಿಡ್ಡ ಕರುಳು.

ಹಾಗೆಂದು ಅಂಕವನ್ನು ಬಿಸಾಡುವಂತಿಲ್ಲ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನದಲ್ಲಿ 174 ಮಂದಿಯಿದ್ದರು. ಆಪರೇಷನ್ನಾದ ಆರು ತಿಂಗಳಿಗೆ ಕೊಲೊನೋಸ್ಕೋಪಿ, ಅಂದರೆ ದುರ್ಬೀನಿನ ತಪಾಸಣೆ ಮಾಡಿ, ಹುಣ್ಣು ಕಂಡವರಿಗೆ ಔಷಧ ಏರಿಸಿದ ಗುಂಪಿನಲ್ಲಿ ಹದಿನೆಂಟು ತಿಂಗಳಿಗೆ ಮರುಕಳಿಕೆ ಶೇ. 49, ಹಾಗೆ ನೋಡದ ಗುಂಪಿನಲ್ಲಿ ಶೇ. 67.

ನನ್ನ ವೃತ್ತಿಬಾಂಧವರಲ್ಲಿ ಒಂದು ಕೋರಿಕೆ: ವರದಿಯಲ್ಲಿ ಬರೀ ಅಂಕಿ ಬರೆಯಬೇಡಿ. ಹುಣ್ಣು ಎಷ್ಟು, ಎಲ್ಲಿ, ಎಷ್ಟು ದೊಡ್ಡದು ಎಂದು ಬರೆಯಿರಿ. ವಿಡಿಯೋ ಉಳಿಸಿ, 1 ಮತ್ತು 2ರ ನಡುವೆ ತೂಗಾಡಿದರೆ ಇನ್ನೊಬ್ಬರಿಗೆ ತೋರಿಸಿ. ರೋಗಿಗಳೇ, ಆಪರೇಷನ್ನಿನ ಚೀಟಿ ಮತ್ತು ಹಳೆಯ ವಿಡಿಯೋದ ಪ್ರತಿಯನ್ನು ಮುಂದಿನ ತಪಾಸಣೆಗೆ ಮರೆಯದೆ ತನ್ನಿ.