ಹತ್ತು ಪುಟ, ಒಂದೇ ಸಾಕ್ಷಿ

(ಪ್ರಸಾದ ನಿಲಯದ ಪದವಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ. ಕಳೆದ ವರ್ಷ ಎಂಜಿನಿಯರುಗಳ ದಿನದಂದು ಇಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಪ್ರಬಂಧ ಸ್ಪರ್ಧೆ ನಡೆಯಿತು. ತೀರ್ಪುಗಾರ ನಾನೇ. ಅವರು ದಿವಾನರಾಗಿದ್ದಾಗಲೇ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿ ಮುಗಿಸಿದರು ಎಂದು ಬರೆದ ಪ್ರಬಂಧಕ್ಕೆ ಮೊದಲ ಬಹುಮಾನ ಕೊಟ್ಟೆ. ಭಾಷೆ ಚೆನ್ನಾಗಿತ್ತು, ಎಲ್ಲೂ ತಡವರಿಕೆ ಇರಲಿಲ್ಲ. ಇನ್ನೊಬ್ಬ ವಿದ್ಯಾರ್ಥಿ, "ಕೆಲಸ ಶುರುವಾದದ್ದು 1911ರಲ್ಲಿ, ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ, ಹಾಗಾದರೆ ಮುಗಿಸಿದವರು ಯಾರು? ನಾನು ನೋಡಿದ ಪುಟಗಳಲ್ಲಿ ಉತ್ತರ ಸಿಗಲಿಲ್ಲ" ಎಂದು ಬರೆದಿದ್ದ. ತೀರ್ಮಾನವಿಲ್ಲದ ಪ್ರಬಂಧ ಎಂದು ಅವನ ಅಂಕ ಕಡಿದೆ.

ಮನೆಗೆ ಹೋಗಿ ಹಳೆಯ ಪುಸ್ತಕ ತೆಗೆದರೆ, ಸರಿಯಾದ ಪ್ರಶ್ನೆ ಕೇಳಿದವನು ಅವನೇ. ಕಟ್ಟೆಯ ಕೆಲಸ 1930ರ ದಶಕದ ಆರಂಭದವರೆಗೂ ನಡೆಯಿತು. ಯೋಜನೆ ರೂಪಿಸಿ, ಅದಕ್ಕಾಗಿ ಹೋರಾಡಿದವರು ವಿಶ್ವೇಶ್ವರಯ್ಯನವರು, ನಿಜ. ಅವರ ನಂತರ ಬೇರೆ ಎಂಜಿನಿಯರುಗಳೂ ಸಾವಿರಾರು ಕೂಲಿಕಾರರೂ ವರ್ಷಗಟ್ಟಲೆ ದುಡಿದರು. ನಾನು ಬಹುಮಾನ ಕೊಟ್ಟ ಆ ಒಂದು ವಾಕ್ಯ ಅವರೆಲ್ಲರ ದುಡಿಮೆಯನ್ನು ಅಳಿಸಿಹಾಕಿತ್ತು.

ಬಹುಮಾನ ಪಡೆದ ಹುಡುಗನನ್ನು ಕರೆದು ಕೇಳಿದೆ. "ಸರ್, ಅಂತರ್ಜಾಲದಲ್ಲಿ ಹತ್ತು ಕಡೆ ಹಾಗೇ ಇದೆ" ಎಂದ. ಇಬ್ಬರೂ ಕೂತು ನೋಡಿದೆವು. ಹತ್ತರಲ್ಲೂ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು! ಒಬ್ಬರು ಬರೆದದ್ದನ್ನು ಒಂಬತ್ತು ಮಂದಿ ನಕಲು ಮಾಡಿದ್ದರು. ಒಂದೇ ಬಾಂಡಲಿಯ ಕಾಂಕ್ರೀಟಿನಿಂದ ಹತ್ತು ಕ್ಯೂಬ್ ತುಂಬಿ ಪರೀಕ್ಷೆಗೆ ಕಳಿಸಿದರೆ ಇಡೀ ಗೋಡೆಯ ಬಲ ತಿಳಿಯುತ್ತದೆಯೇ?

ಗುತ್ತಿಗೆದಾರ ತನ್ನ ಕೆಲಸ ಚೆನ್ನಾಗಿದೆ ಎಂದು ತಾನೇ ಬರೆದುಕೊಟ್ಟರೆ ನಾವು ಬಿಲ್ಲಿಗೆ ಸಹಿ ಹಾಕುತ್ತಿರಲಿಲ್ಲ. ಟೇಪು ಹಿಡಿದು ಅಳೆದು, ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ಸಹಿ. ಅಂಥ ನಾನು ಪ್ರಬಂಧವನ್ನು ಅಳೆಯದೆ ಸಹಿ ಹಾಕಿದ್ದೆ.

ಓದಿದವರೂ ಹೀಗೆ ಮೋಸಹೋಗುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ಮಂದಿ ಇತಿಹಾಸಕಾರರು, 10 ಮಂದಿ ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವವರು, 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೋರಿಸಿ, ಇವನ್ನು ನಂಬಬಹುದೇ ಎಂದು ಕೇಳಿದರು. ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರಲ್ಲಿಯೂ ಅನೇಕರು ಪುಟದೊಳಗೇ ಕೂತು, ಅದರ ಅಂದಚೆಂದ, ಲಾಂಛನ, ಹೆಸರು ನೋಡಿ ಮರುಳಾದರು. ಪರಿಶೀಲಕರು ಮಾತ್ರ ಬೇಗನೆ ಪುಟದಿಂದ ಹೊರಬಂದು, ಇದನ್ನು ನಡೆಸುವವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು.

ಆದ್ದರಿಂದ ಮಕ್ಕಳೇ, ಪ್ರಬಂಧ ಬರೆಯುವ ಮುನ್ನ ಮೂರು ಕೆಲಸ ಮಾಡಿ. ಹೇಳಿದವರು ಯಾರು, ಅವರಿಗೆ ಅದು ಎಲ್ಲಿಂದ ಬಂತು ಎಂದು ಮೂಲದವರೆಗೆ ಹೋಗಿ. ಹತ್ತು ಸಾಕ್ಷಿ ಕಂಡರೆ, ಅವು ಬೇರೆಬೇರೆಯೇ ಎಂದು ನೋಡಿ. ನಿಮ್ಮ ವಾದಕ್ಕೆ ವಿರುದ್ಧವಾದ ಸಂಗತಿ ಸಿಕ್ಕರೆ ಬಚ್ಚಿಡಬೇಡಿ. ಅದನ್ನೂ ಬರೆದು ಉತ್ತರ ಕೊಡಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಬರೆಯಿರಿ.

ಹಾಗೆ ಬರೆದ ವಿದ್ಯಾರ್ಥಿ ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ಅಂದು ನಿನ್ನ ಅಂಕ ಕಡಿದದ್ದು ನನ್ನ ತಪ್ಪು. ಈ ವರ್ಷದ ಸ್ಪರ್ಧೆಯಲ್ಲಿ ನೂರಕ್ಕೆ ಇಪ್ಪತ್ತೈದು ಅಂಕ ಮೂಲ ಹುಡುಕಿದ್ದಕ್ಕೆ ಮತ್ತು ಪ್ರಾಮಾಣಿಕ ಅನುಮಾನಕ್ಕೆ ಮೀಸಲು. ಪೂಜ್ಯರು ಇದಕ್ಕೆ ಒಪ್ಪಿದ್ದಾರೆ.