ಮಕ್ಕಳ ಕೈಯಲ್ಲಿ ಬ್ಯಾಂಕ್ ಕಾರ್ಡು

(ಉರಿಗಾಮಿನಲ್ಲಿ ಪಾಲಕರ ಮುಂದೆ ಮಾಡಿದ ಭಾಷಣ)



ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಹೇಳಿತು. 2025ರ ಏಪ್ರಿಲಿನಲ್ಲಿ ನಿಯಮಗಳನ್ನು ಪರಿಷ್ಕರಿಸಿದಾಗಲೂ ಅದನ್ನೇ ಉಳಿಸಿಕೊಂಡಿತು. ಕಾರ್ಡು ಕೊಡುವುದು, ಮಿತಿ ಹಾಕುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಆದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡಕೂಡದು. ಆದಕಾರಣ ಈ ಕಾರ್ಡಿನಿಂದ ಮಗು ಬ್ಯಾಂಕಿನ ಸಾಲಕ್ಕೆ ಬೀಳುವುದಿಲ್ಲ. ನಾವು ಈ ಏರ್ಪಾಡನ್ನು ವಿರೋಧಿಸುವವರಲ್ಲ.

ನಮ್ಮ ಚಿಂತೆ ಬೇರೆ. ಗಣಿಯ ಹಳೆಯ ದಿನಗಳಲ್ಲಿ ಸಂಬಳ ಕೈಗೆ ಬರುತ್ತಿತ್ತು. ಅಕ್ಕಿಗಿಷ್ಟು, ಬಡ್ಡಿಯವನಿಗಿಷ್ಟು ಎಂದು ತಾಯಿ ವಿಂಗಡಿಸುವುದನ್ನು ಮಕ್ಕಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು. ಇಂದು ಮನೆಯ ದುಡಿಯುವ ಜೀವ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಕೂಲಿ ಖಾತೆಗೆ ಬೀಳುತ್ತದೆ, ಅಲ್ಲಿಂದಲೇ ಕಂತಿಗೆ ಮುರಿದುಹೋಗುತ್ತದೆ. ಮಗುವಿಗೆ ಕಾಣುವುದು ಯಂತ್ರದಿಂದ ಹೊರಬರುವ ನೋಟು ಮಾತ್ರ.

ಉಳಿತಾಯದ ಉಪದೇಶ ಮಾಡುವವರು ಬಹಳ ಮಂದಿ ಇದ್ದಾರೆ. ಮಿಗುವುದೇ ಇಲ್ಲದ ಮನೆಯ ಮಕ್ಕಳಿಗೆ ಆ ಉಪದೇಶದಿಂದ ಏನು ಪ್ರಯೋಜನ? ಅವರು ಕಲಿಯಬೇಕಾದ್ದು ಲೆಕ್ಕ ಕೇಳುವುದನ್ನು. ಪಾಸ್ ಪುಸ್ತಕದಲ್ಲಿ ನಮೂದು ಹಾಕಿಸಿ, ಮನೆಯವರೆಲ್ಲ ಕುಳಿತು ಮಗುವಿನಿಂದಲೇ ಓದಿಸಿ. ಉಚಿತ ಮಿತಿ ಮೀರಿ ಎಟಿಎಂ ಬಳಸಿದರೆ ಪ್ರತಿ ಸಲಕ್ಕೆ 23 ರೂಪಾಯಿಯವರೆಗೆ ಹಿಡಿಯಲು 2025ರ ಮೇ ತಿಂಗಳಿನಿಂದ ಬ್ಯಾಂಕುಗಳಿಗೆ ಅನುಮತಿ ಇದೆ, ತೆರಿಗೆ ಬೇರೆ. ನೂರು ರೂಪಾಯಿ ತೆಗೆಯಲು 23 ತೆರುವುದು ಯಾವ ನ್ಯಾಯವೆಂದು ಮಗು ಕೇಳಲಿ.

ಪಿನ್ ನಂಬರನ್ನು ಗೆಳೆಯನಿಗೂ ಹೇಳಬಾರದು. ಮನೆಯಲ್ಲೂ ಹೇಳಬಾರದೇ ಎನ್ನುವಿರಿ. ಹುಡುಗಿಯ ಹೆಸರಿಗೆ ಬಂದ ವಿದ್ಯಾರ್ಥಿವೇತನ ಅವಳ ಓದಿನದು. ಆ ಕಾರ್ಡು ಅಣ್ಣನ ಜೇಬಿನಲ್ಲಿ ಇರಲು ಕಾರಣವಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಕಾಲೇಜಿನ ಹುಡುಗನ ಬಳಿ ಒಬ್ಬ ಬಂದು, "ನಿನ್ನ ಖಾತೆ, ಕಾರ್ಡು ಒಂದು ವಾರ ಕೊಡಪ್ಪ, ಎರಡು ಸಾವಿರ ಕೊಡುತ್ತೇನೆ" ಎನ್ನುತ್ತಾನೆ. ಯಾರಿಗೋ ಮೋಸ ಮಾಡಿ ದೋಚಿದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವನ ಬಾಗಿಲಿಗೆ. ದೋಚಿದವನ ಸುಳಿವೇ ಇರುವುದಿಲ್ಲ. ಕೆಲಸವಿಲ್ಲದ ಊರಿನಲ್ಲಿ ಎರಡು ಸಾವಿರ ಎಷ್ಟು ದೊಡ್ಡದೆಂದು ಬಲ್ಲವರೇ ಈ ಬಲೆ ಬೀಸುವವರು. ಖಾತೆಯನ್ನು ಬಾಡಿಗೆಗೆ ಕೊಡುವುದು ಅಪರಾಧದಲ್ಲಿ ಪಾಲುಗೊಂಡಂತೆ ಎಂದು ಇಂದು ರಾತ್ರಿಯೇ ಮಕ್ಕಳಿಗೆ ಹೇಳಿ.

ಮೋಸದಿಂದ ಹಣ ಹೋಯಿತೆಂದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ನಿಲ್ಲಿಸಿ. ಮಗುವಿನ ಮೇಲೆ ಕೈ ಮಾಡಬೇಡಿ. ಏಟಿನ ಹೆದರಿಕೆಯಿಂದ ಮಗು ಎರಡು ದಿನ ಬಾಯಿ ಮುಚ್ಚಿಕೊಂಡರೆ, ಅಷ್ಟರಲ್ಲಿ ಆ ಹಣ ಹತ್ತು ಖಾತೆ ದಾಟಿ ಹೋಗಿರುತ್ತದೆ.