ಬೆಲ್ಲದ ಬಣ್ಣ, ಮನಸ್ಸಿನ ಲೆಕ್ಕ

ಮುತ್ತತ್ತಿಯ ಹೆಸರಿನ ಹಿಂದಿನ ಕಥೆಯನ್ನು ಮಳವಳ್ಳಿ ಸೀಮೆಯಲ್ಲಿ ಕೇಳದವರು ಕಡಿಮೆ. ಕಾವೇರಿಯಲ್ಲಿ ಮೀಯುವಾಗ ಸೀತೆಯ ಮೂಗುತಿಯ ಮುತ್ತು ನೀರಿಗೆ ಬಿತ್ತು. ಹನುಮಂತ ಬಾಲದಿಂದ ಮಡು ಕಲಕಿ ಅದನ್ನು ಎತ್ತಿಕೊಟ್ಟ. ಈ ಕಥೆಯಲ್ಲಿ ಪ್ರಾಮಾಣಿಕತೆ ಸರಳ ಸಂಗತಿ. ಮುತ್ತು ಒಂದೇ, ಅದರ ಒಡತಿ ಎದುರಿಗೇ ಇದ್ದಾಳೆ. ಕೊಟ್ಟನೋ ಇಲ್ಲವೋ ಎಂಬುದನ್ನು ದಡದಲ್ಲಿದ್ದ ಯಾರು ಬೇಕಾದರೂ ಹೇಳಬಹುದು. ಹನುಮಂತನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಮಳವಳ್ಳಿ ದಾಟಿ ಮದ್ದೂರು, ಮಂಡ್ಯದ ಕಡೆ ಬಂದು ಕಬ್ಬಿನ ಗದ್ದೆಗಳ ನಡುವಿನ ಆಲೆಮನೆಯ ಮುಂದೆ ನಿಂತರೆ ಪ್ರಶ್ನೆ ಅಷ್ಟು ಸುಲಭವಲ್ಲ.

ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮೇಲೆ ಬರುವ ಕೊಳೆಯನ್ನು ತೆಗೆಯಬೇಕು. ಅದಕ್ಕೆ ಹಿಂದಿನಿಂದ ಸುಣ್ಣ, ಬೆಂಡೆ ಗಿಡದ ಲೋಳೆ ಬಳಕೆಯಲ್ಲಿದ್ದವು. ಹಾಗೆ ತಯಾರಾದ ಬೆಲ್ಲ ಸಾಮಾನ್ಯವಾಗಿ ಕಂದು. ಪೇಟೆಯ ಕಣ್ಣಿಗೆ ಬೇಕಾದದ್ದು ಹೊಂಬಣ್ಣ. ಆ ಬಣ್ಣಕ್ಕಾಗಿ ಬಂದದ್ದು ಹೈಡ್ರೋಸ್ ಪುಡಿ, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಹಾಕಿದ ಕೂಡಲೇ ಬೆಲ್ಲ ತಿಳಿಯಾಗುತ್ತದೆ. ಗಂಧಕದ ಅಂಶ ಅದರಲ್ಲಿ ಉಳಿಯುತ್ತದೆ. ದಾಸ್ತಾನಿನಲ್ಲಿ ಬಣ್ಣ ಮತ್ತೆ ಮಾಸುತ್ತದೆ. ಸಕ್ಕರೆ ಅಗ್ಗವಾದಾಗ ಅದನ್ನೂ ಬೆರೆಸುವ ಆಲೆಮನೆಗಳಿವೆ.

ಇದನ್ನು ಮಾಡುವವನು ತನ್ನನ್ನು ಮೋಸಗಾರ ಎಂದುಕೊಂಡಿರುವುದಿಲ್ಲ. ಎಲ್ಲರೂ ಹಾಕುತ್ತಾರೆ, ಕೊಳ್ಳುವ ವರ್ತಕನಿಗೂ ಗೊತ್ತು, ಕಂದು ಬೆಲ್ಲ ಒಯ್ದರೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ ಎಂಬುದು ಅವನ ಮಾತು. ಅವನು ಮನಸಾರೆ ಹಾಗೇ ನಂಬಿರಬಹುದು. ಆ ನಂಬಿಕೆ ಅವನನ್ನು ಪ್ರಾಮಾಣಿಕನನ್ನಾಗಿ ಮಾಡುತ್ತದೆಯೇ?

ಕಾನೂನು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 52ನೇ ಕಲಂ, ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ್ದನ್ನು ಸದ್ಭಾವನೆಯಿಂದ ಮಾಡಿದ್ದು ಎನ್ನಲಾಗದು ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು. ಅಜಾಗರೂಕತೆ ಇದ್ದರೂ ಅದು ಸದ್ಭಾವನೆಯೇ. ಒಂದೇ ದೇಶದ ಎರಡು ಕಾನೂನುಗಳಲ್ಲಿ ಒಂದು ಮನುಷ್ಯನ ನಡವಳಿಕೆಯನ್ನು ಅಳೆಯುತ್ತದೆ, ಇನ್ನೊಂದು ಅವನ ಒಳಗನ್ನು ನೋಡುತ್ತದೆ. 2006ರ ಆಹಾರ ಸುರಕ್ಷತೆ ಕಾನೂನಿನ ಅಧಿಕಾರಿಯಂತೂ ಮೊದಲು ಕೇಳುವುದು ಬೆಲ್ಲದಲ್ಲಿ ಏನಿದೆ ಎಂದು. ಮಾಡಿದವನ ಎದೆಯಲ್ಲಿ ಏನಿದೆ ಎಂಬುದು ಆಮೇಲಿನ ಮಾತು.

ಈ ಗೊಂದಲವನ್ನು ಬಹುಕಾಲ ಹೊತ್ತು ತಿರುಗಿದ್ದು ಇಂಗ್ಲೆಂಡಿನ ನ್ಯಾಯಾಲಯಗಳು. ತಾನು ಮಾಡದ ಶಸ್ತ್ರಚಿಕಿತ್ಸೆಗಳಿಗೆ ಹಣ ಕೇಳಿದ ಘೋಷ್ ಎಂಬ ವೈದ್ಯನ ಮೊಕದ್ದಮೆಯಲ್ಲಿ, 1982ರಲ್ಲಿ, ನ್ಯಾಯಾಲಯ ಎರಡು ಹಂತದ ಪರೀಕ್ಷೆ ಇಟ್ಟಿತು. ಸಾಮಾನ್ಯ ಸಭ್ಯ ಜನರ ದೃಷ್ಟಿಯಲ್ಲಿ ಅದು ಅಪ್ರಾಮಾಣಿಕವೇ? ಜನ ಹಾಗೆ ಎಣಿಸುತ್ತಾರೆಂದು ಆರೋಪಿಗೂ ತಿಳಿದಿತ್ತೇ? ಎರಡನೆಯ ಪ್ರಶ್ನೆಯಿಂದ ಆದ ಕೇಡು ದೊಡ್ಡದು: ನೀತಿಯ ಅರಿವು ಎಷ್ಟು ಮೊಂಡಾಗಿದ್ದರೆ ಆರೋಪಿಗೆ ಅಷ್ಟು ಅನುಕೂಲ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಕೈಬಿಟ್ಟಿತು. ಆ ಪ್ರಕರಣ ಫಿಲ್ ಐವಿ ಎಂಬ ಜೂಜುಗಾರನದು. ಮೂಢನಂಬಿಕೆಯ ನೆಪ ಹೇಳಿ, ಎಲೆ ಹಂಚುವವಳಿಂದ ಕೆಲವು ಎಲೆಗಳನ್ನು ತಿರುಗಿಸಿಡಿಸಿ, ಬೆನ್ನಿನ ಚಿತ್ತಾರದ ಸಣ್ಣ ವ್ಯತ್ಯಾಸದಿಂದ ಅವನ್ನು ಗುರುತಿಸಿ, ಲಂಡನ್ನಿನ ಕ್ಯಾಸಿನೊದಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದಿದ್ದ. ಅದು ಮೋಸವಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದನೆಂದು ನ್ಯಾಯಾಧೀಶರೇ ಒಪ್ಪಿದರು. ಆದರೂ ಹಣ ಸಿಗಲಿಲ್ಲ.

ಆ ತೀರ್ಪು ಕೆಲಸವನ್ನು ಸರಿಯಾಗಿ ಹಂಚಿದೆ. ಒಬ್ಬನಿಗೆ ಏನು ತಿಳಿದಿತ್ತು, ಏನನ್ನು ನಂಬಿದ್ದ ಎಂಬುದು ಅವನ ಒಳಗಿನದು; ಆದರೂ ಅದು ಸಂಗತಿಯೇ, ಸಾಕ್ಷ್ಯದಿಂದ ಹುಡುಕಬೇಕಾದದ್ದು. ಅಷ್ಟು ತಿಳಿದುಕೊಂಡು ಹಾಗೆ ನಡೆದದ್ದಕ್ಕೆ ಯಾವ ಹೆಸರು ಎಂಬುದನ್ನು ಮಾತ್ರ ಅವನು ತಾನೇ ತೀರ್ಮಾನಿಸುವಂತಿಲ್ಲ.

ಹಾಗೆಂದು ಅಳತೆ ಸರಿಯಿದ್ದರೆ ಎಲ್ಲ ಸರಿ ಎಂದೂ ಅಲ್ಲ. ಇದನ್ನು ಮಂಡ್ಯದ ಕಬ್ಬು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದಂದಿನಿಂದ ಈ ಜಿಲ್ಲೆ ಕಬ್ಬಿನ ತೂಕ ಕಾಯುತ್ತ ಬಂದಿದೆ. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತರೆ ಒಣಗಿ ಹಗುರಾಗುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ತೂಕದ ಯಂತ್ರ ಒಂದು ಗುಲಗಂಜಿಯಷ್ಟೂ ತಪ್ಪದೆ ಇರಲಿ, ಬೇಕೆಂದೇ ಗಾಡಿಗಳನ್ನು ಕಾಯಿಸಿದ್ದರೆ ಚೀಟಿಯ ಮೇಲಿನ ನಿಜವಾದ ಅಂಕಿಯೇ ಅನ್ಯಾಯದ ಅಂಕಿ. ಕಬ್ಬಿನಿಂದ ಬರುವ ಸಕ್ಕರೆ ಇಳುವರಿಯದೂ ಇದೇ ಕಥೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕ್ವಿಂಟಲ್‌ಗೆ 355 ರೂಪಾಯಿ, ಶೇ 10.25 ಇಳುವರಿಯ ಮೇಲೆ ನಿಂತಿದೆ. ಆ ಶೇಕಡಾವಾರು ಲೆಕ್ಕ ಹುಟ್ಟುವುದು ಕಾರ್ಖಾನೆಯ ಒಳಗೆ, ಕಬ್ಬು ಕೊಟ್ಟವನ ಕಣ್ಣಿಗೆ ಬೀಳದ ಜಾಗದಲ್ಲಿ. ಅಲ್ಲಿ ಕೂತವರ ಮನಸ್ಸು ಶುದ್ಧವಿದ್ದರೂ ರೈತನಿಗೆ ಸಾಲದು. ಲೆಕ್ಕವನ್ನು ಅವನೂ ಪರೀಕ್ಷಿಸುವಂತಿರಬೇಕು.

ಸಾಮಾನ್ಯ ಸಭ್ಯ ಜನರ ಅಳತೆಗೋಲೇ ಡೊಂಕಾದರೆ ಏನು ಗತಿ ಎಂಬ ಆಕ್ಷೇಪ ಬಲವಾದದ್ದು. ಬೆಲ್ಲದ ವಿಷಯದಲ್ಲಿ ಅದು ಅರ್ಧ ಡೊಂಕಾಗಿಯೇ ಇದೆ: ಹಳದಿ ಅಚ್ಚಿಗೆ ಹೆಚ್ಚು ಬೆಲೆ ಕೊಡುವ ಗಿರಾಕಿಯೂ ಆ ಪುಡಿಗೆ ಪಾಲುದಾರ. ಆದರೂ ಎಲ್ಲರೂ ಮಾಡುತ್ತಾರೆ ಎಂಬುದು ರೂಢಿಯನ್ನಷ್ಟೇ ತೋರಿಸುತ್ತದೆ. ಎಲ್ಲರಿಗೂ ಗೊತ್ತು ಎಂಬ ಮಾತು ನಿಜವೇ ಆಗಿದ್ದರೆ, ಪೊಟ್ಟಣದ ಮೇಲೆ ಹೈಡ್ರೋಸ್ ಹಾಕಿದೆ, ಸಕ್ಕರೆ ಬೆರೆಸಿದೆ ಎಂದು ಬರೆಯಲು ಅಡ್ಡಿಯಿರಬಾರದು. ಬರೆಯಲು ಕೈ ಹಿಂಜರಿದರೆ ಕೊಳ್ಳುವವರ ಕೊನೆಯ ಸಾಲಿನಲ್ಲಿ ನಿಂತ ತಾಯಿಗೆ ಅದು ಗೊತ್ತಿಲ್ಲ ಎಂಬುದು ಮಾಡಿದವನಿಗೆ ಗೊತ್ತಿದೆ. ತನ್ನ ಮನೆಯ ಹಬ್ಬದ ಹೋಳಿಗೆಗೆಂದು ಪುಡಿ ಹಾಕದ ಒಂದು ಕೊಪ್ಪರಿಗೆ ಬೇರೆಯಾಗಿ ಇಳಿಸಿದ್ದರೆ ಅದೂ ಸಾಕ್ಷ್ಯವೇ. ಅದನ್ನು ನೋಡಲು ಅವನ ಎದೆ ಬಗೆಯಬೇಕಾಗಿಲ್ಲ.